ಜ್ವರದ ಎಷ್ಟನೇ ದಿನ? ಡೆಂಗಿ ಕಾರ್ಡ್ ಟೆಸ್ಟ್ ಮಾಡಿಸುವವರಿಗೆ ಒಂದು ಮಾರ್ಗದರ್ಶಿ

ಮಳೆಗಾಲ ಶುರುವಾಗಿ ಸ್ವಲ್ಪ ದಿನ ಆಗುತ್ತಿದ್ದಂತೆ ವಿಜಯಪುರದ ಲ್ಯಾಬ್ ಕೌಂಟರ್‌ಗಳಲ್ಲಿ ಒಂದು ಮಾತು ದಿನವೂ ಕೇಳಿಸುತ್ತದೆ. ‘ಹುಡುಗನ ಮೈಮ್ಯಾಲೆ ಕೆಂಪಗ ಎದ್ದಾವ್ರಿ, ಒಂದು ಡೆಂಗಿ ಟೆಸ್ಟ್ ಮಾಡಿಬಿಡ್ರಿ.’ ಟೆಸ್ಟ್ ಮಾಡುವುದೇನೂ ಕಷ್ಟವಲ್ಲ. ಇಪ್ಪತ್ತು ನಿಮಿಷದ ಕೆಲಸ. ಕಷ್ಟ ಇರುವುದು ಬೇರೆ ಕಡೆ. ಜನ ದದ್ದು ಕಂಡ ಮೇಲೆ ಎದ್ದು ಬರುತ್ತಾರೆ. ಡೆಂಗಿಯ ರ‍್ಯಾಪಿಡ್ ಆ್ಯಂಟಿಜೆನ್ ಟೆಸ್ಟ್ ಚೆನ್ನಾಗಿ ಕೆಲಸ ಮಾಡುವುದು ಮಾತ್ರ ಜ್ವರದ ಮೊದಲ ದಿನಗಳಲ್ಲಿ. ಎದ್ದು ಕಾಣುವ ದದ್ದು ಬರುವ ಹೊತ್ತಿಗೆ ಆ ದಿನಗಳು ಮುಗಿಯುತ್ತಾ ಬಂದಿರುತ್ತವೆ. ಆಗ ಆ ಟೆಸ್ಟಿನ ಕಾರ್ಡ್ ನೆಗೆಟಿವ್ ಅನ್ನುತ್ತದೆ, ಮನೆಯವರು ನಿರಾಳವಾಗಿ ಹೊರಟುಬಿಡುತ್ತಾರೆ.

ಅದಕ್ಕೇ ಈ ಬರಹದಲ್ಲಿ ಟೆಸ್ಟ್‌ಗಿಂತ ಜಾಸ್ತಿ ದಿನದ ಲೆಕ್ಕದ ಮಾತೇ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರು ಏನು ಕೇಳಬೇಕು, ರಿಪೋರ್ಟ್ ಹೇಗೆ ಓದಬೇಕು, ಆಮೇಲೆ ಏನು ಮಾಡಬೇಕು ಅನ್ನುವುದನ್ನು ಸಾಲಾಗಿ ನೋಡೋಣ. ಇದು ಡಾಕ್ಟರ ಜಾಗಕ್ಕೆ ಅಲ್ಲ. ಡಾಕ್ಟರ ಎದುರು ಕೂತಾಗ ಸರಿಯಾದ ಮಾಹಿತಿ ಕೊಡೋದಕ್ಕೆ.

ಮೊದಲು ದಿನ ಎಣಿಸಿ

ಜ್ವರ ಕಾಣಿಸಿದ ದಿನವೇ ಒಂದನೇ ದಿನ. ಮಾತ್ರೆ ನುಂಗಿ ಸಂಜೆ ಇಳಿದು, ಬೆಳಿಗ್ಗೆ ಮತ್ತೆ ಏರಿದರೆ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. ಅದೇ ಜ್ವರ, ಎರಡನೇ ದಿನ.

‘ಮೊನ್ನಿಂದ ಅದರೀ’ ಅಂದರೆ ಲ್ಯಾಬಿನವರಿಗೂ ಡಾಕ್ಟರಿಗೂ ಏನೂ ಗೊತ್ತಾಗುವುದಿಲ್ಲ. ಮೊನ್ನೆ ಅಂದರೆ ಎರಡು ದಿನವೂ ಆಗಬಹುದು, ಆರು ದಿನವೂ ಆಗಬಹುದು. ನೆನಪಾಗದಿದ್ದರೆ ಯಾವುದಾದರೂ ಗುರುತಿನ ದಿನ ಹಿಡಿಯಿರಿ. ಸಂತೆಯ ದಿನ ಹುಡುಗ ಚೆನ್ನಾಗಿ ಆಡುತ್ತಿದ್ದನಾ? ಅಮಾವಾಸ್ಯೆ ದಿನ ಊಟ ಮಾಡಿದ್ದನಾ? ಯಾವ ದಿನ ಸ್ಕೂಲಿಗೆ ಹೋಗಲಿಲ್ಲ? ಹೀಗೆ ಹಿಂದಕ್ಕೆ ಹೋದರೆ ತಾರೀಖು ಸಿಗುತ್ತದೆ. ಅದನ್ನು ಒಂದು ಚೀಟಿಯ ಮೇಲೆ ಬರೆಯಿರಿ. ಕ್ಯಾಲೆಂಡರಿನ ಮೇಲೇ ಗೀಚಿದರೂ ಆಯಿತು.

ಜೊತೆಗೆ ಇನ್ನೂ ಮೂರು ವಿಷಯ ಬರೆದಿಟ್ಟುಕೊಳ್ಳಿ. ಹಿಂದೆ ಯಾವಾಗಲಾದರೂ ಡೆಂಗಿ ಆಗಿತ್ತಾ? ಇದುವರೆಗೆ ಯಾವ ಮಾತ್ರೆ, ಯಾವ ಇಂಜೆಕ್ಷನ್ ಕೊಟ್ಟಿದ್ದೀರಿ? ಮನೆಯಲ್ಲಿ, ಓಣಿಯಲ್ಲಿ ಬೇರೆ ಯಾರಿಗಾದರೂ ಜ್ವರ ಇದೆಯಾ? ಮೊದಲನೆಯ ಪ್ರಶ್ನೆ ಯಾಕೆ ಮುಖ್ಯ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಆಮೇಲೆ ದದ್ದನ್ನು ನೋಡಿ

ಎಲ್ಲ ಕೆಂಪು ದದ್ದೂ ಡೆಂಗಿ ಅಲ್ಲ. ಬೆಳಕಿನಲ್ಲಿ ಅಂಗಿ ತೆಗೆದು ನೋಡಿ. ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಯಾಕೆಂದರೆ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ದದ್ದು ಮಾಯವಾಗುವುದೂ ಉಂಟು.

ಡೆಂಗಿಯಲ್ಲಿ ಮೊದಲ ಒಂದೆರಡು ದಿನ ಮುಖ, ಕುತ್ತಿಗೆ, ಎದೆ ಕೆಂಪಗಾಗಬಹುದು. ಬಿಸಿಲಿಗೆ ಹೋಗಿ ಬಂದ ಹಾಗೆ ಕಾಣುತ್ತದೆ, ಜಾಸ್ತಿ ಜನ ಗಮನಿಸುವುದೇ ಇಲ್ಲ. ಎದ್ದು ಕಾಣುವ ದದ್ದು ಸಾಮಾನ್ಯವಾಗಿ ಮೂರನೇ ದಿನದ ನಂತರ ಬರುತ್ತದೆ. ಜ್ವರ ಬಿಟ್ಟ ಮೇಲೆ ಇನ್ನೊಂದು ಬಗೆಯದು ಬರುತ್ತದೆ. ಕೈಕಾಲೆಲ್ಲ ಕೆಂಪಾಗಿ, ನಡುನಡುವೆ ಬೆಳ್ಳನೆಯ ಚುಕ್ಕೆ ಜಾಗ ಉಳಿದಿರುತ್ತದೆ. ಅಂಗೈ ಅಂಗಾಲು ಬಹಳ ತುರಿಸುತ್ತವೆ. ಇದು ಗುಣವಾಗುತ್ತಿರುವ ಹೊತ್ತಿನ ದದ್ದು. ಇದನ್ನು ನೋಡಿ ಹೊಸ ಕಾಯಿಲೆ ಅಂತ ಗಾಬರಿಯಾಗುವವರು ಬಹಳ. ಇವೆರಡಕ್ಕಿಂತ ಬೇರೆ, ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆ ಕಂಡರೆ ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗ ಮಾಯವಾಗದಿದ್ದರೆ ಅದು ಚರ್ಮದ ಕೆಳಗೆ ರಕ್ತ ಜಿನುಗಿರುವ ಗುರುತು. ಅವತ್ತೇ ಡಾಕ್ಟರಿಗೆ ತೋರಿಸಬೇಕು.

ದಡಾರದ ದಾರಿ ಬೇರೆ. ನಮ್ಮ ಕಡೆ ಗೊಬ್ಬರ ಅನ್ನುತ್ತೇವಲ್ಲ, ಅದೇ. ಮೊದಲು ಜ್ವರ, ಕೆಮ್ಮು, ಸುರಿಯುವ ಮೂಗು, ಕೆಂಪು ಕಣ್ಣು. ಮೂರು ನಾಲ್ಕು ದಿನದ ಮೇಲೆ ಕಿವಿಯ ಹಿಂದೆ, ಹಣೆಯ ಕೂದಲಂಚಿನಲ್ಲಿ ದದ್ದು ಶುರುವಾಗಿ ಮುಖ, ಎದೆ, ಕಾಲು ಅಂತ ಕೆಳಗಿಳಿಯುತ್ತದೆ. ಡೆಂಗಿಯಲ್ಲಿ ಮೂಗು ಸುರಿಯುವುದು, ಕೆಮ್ಮುವುದು ಅಷ್ಟಾಗಿ ಇರುವುದಿಲ್ಲ. ಕಣ್ಣಿನ ಹಿಂದೆ ನೋವು, ಮೈಕೈ ನೋವು, ವಾಕರಿಕೆ ಜಾಸ್ತಿ. ದಡಾರದ ಸಂಶಯವಿದ್ದರೆ ಡೆಂಗಿ ಕಾರ್ಡ್‌ಗೆ ದುಡ್ಡು ಹಾಕುವುದು ವ್ಯರ್ಥ. ನೇರವಾಗಿ ಸರ್ಕಾರಿ ದವಾಖಾನೆಗೆ ಹೋಗಿ. ಅವರು ರಕ್ತ ತೆಗೆದು ದಡಾರದ ಪರೀಕ್ಷೆಗೆ ಕಳಿಸುತ್ತಾರೆ, ಮಗುವಿಗೆ ವಿಟಮಿನ್ ಎ ಕೊಡುತ್ತಾರೆ. ದದ್ದು ಎದ್ದು ನಾಲ್ಕು ದಿನ ಕಳೆಯುವವರೆಗೆ ಅದು ಬೇರೆಯವರಿಗೆ ಅಂಟುತ್ತದೆ. ಆದ್ದರಿಂದ ಅಂಗನವಾಡಿಗೆ, ಮದುವೆ ಮನೆಗೆ ಕರೆದುಕೊಂಡು ಹೋಗಬೇಡಿ. ಬಸುರಿಯರನ್ನು ದೂರ ಇಡಿ.

ನೀರು ತುಂಬಿದ ಗುಳ್ಳೆಗಳಾದರೆ ಅದು ಸೀತಾಳೆ ಸಿಡುಬು ಇರಬಹುದು. ಎದೆ, ಬೆನ್ನಿನ ಮೇಲೆ ಜಾಸ್ತಿ. ಒಂದು ಕಡೆ ಹೊಸ ಗುಳ್ಳೆ, ಪಕ್ಕದಲ್ಲೇ ಒಣಗಿದ ಹಕ್ಕಳೆ. ಇದನ್ನು ಡಾಕ್ಟರು ಬಹುತೇಕ ನೋಡಿಯೇ ಹೇಳುತ್ತಾರೆ. ‘ತಾಯಿ ಬಂದಾಳ’ ಅಂತ ಬೇವಿನ ಎಲೆ ಇಟ್ಟು ಮನೆಯಲ್ಲೇ ಕೂರಿಸುವ ಪದ್ಧತಿ ನಮ್ಮಲ್ಲಿದೆ. ಬೇವಿನ ಎಲೆ ಇಡಿ, ಬೇಡ ಅನ್ನುವವರು ಯಾರು? ಅದರ ಜೊತೆ ಒಮ್ಮೆ ಡಾಕ್ಟರಿಗೂ ತೋರಿಸಿ, ಅದರಲ್ಲೂ ದೊಡ್ಡವರಿಗೆ, ಬಸುರಿಯರಿಗೆ ಬಂದಿದ್ದರೆ.

ಕೀಲುಗಳು ಹಿಡಿದುಕೊಂಡು, ಎದ್ದು ನಿಲ್ಲಲಾಗದಷ್ಟು ನೋವಿದ್ದು, ಜೊತೆಗೆ ದದ್ದೂ ಇದ್ದರೆ ಚಿಕೂನ್‌ಗುನ್ಯಾ ನೆನಪಿಗೆ ಬರಬೇಕು. ಅದನ್ನೂ ಹಬ್ಬಿಸುವುದು ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ. ಆದರೆ ಡೆಂಗಿ ಕಾರ್ಡ್‌ನಲ್ಲಿ ಅದು ಗೊತ್ತಾಗುವುದಿಲ್ಲ, ಅದಕ್ಕೆ ಬೇರೆ ಟೆಸ್ಟ್ ಇದೆ.

ಯಾವ ಟೆಸ್ಟ್ ಕೇಳಬೇಕು

ಸುಮ್ನೆ ‘ಡೆಂಗಿ ಟೆಸ್ಟ್’ ಅಂದರೆ ಸಾಲದು. ಕಾರ್ಡ್‌ನಲ್ಲಿ ಮೂರು ಬಗೆಯ ಗುರುತು ನೋಡುತ್ತಾರೆ.

ಎನ್‌ಎಸ್ 1 ಅನ್ನುವುದು ಆ್ಯಂಟಿಜೆನ್. ಅಂದರೆ ಡೆಂಗಿ ವೈರಸ್ಸಿನದೇ ಒಂದು ಪ್ರೋಟೀನ್. ವೈರಸ್ ಬೆಳೆಯುವಾಗ ಅದು ರಕ್ತಕ್ಕೆ ಸೇರುತ್ತದೆ. ಹಾಗಾಗಿ ಜ್ವರ ಬಂದ ಮೊದಲ ದಿನವೇ ಸಿಗಬಹುದು. ಐದನೇ ದಿನದವರೆಗೆ ಅದನ್ನು ಹುಡುಕುವುದಕ್ಕೆ ಅರ್ಥವಿದೆ. ಆಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ.

ಐಜಿಎಂ ಮತ್ತು ಐಜಿಜಿ ವೈರಸ್ಸಿನ ವಿರುದ್ಧ ನಮ್ಮ ದೇಹ ತಯಾರಿಸುವ ಆ್ಯಂಟಿಬಾಡಿಗಳು. ಐಜಿಎಂ ಸಾಮಾನ್ಯವಾಗಿ ನಾಲ್ಕೈದನೇ ದಿನದಿಂದ ಕಾಣಿಸಿಕೊಳ್ಳುತ್ತದೆ, ಎರಡು ಮೂರು ತಿಂಗಳು ಉಳಿಯುತ್ತದೆ. ಐಜಿಜಿ ಮೊದಲ ಸಲದ ಡೆಂಗಿಯಲ್ಲಿ ಇನ್ನೂ ತಡವಾಗಿ ಬರುತ್ತದೆ. ಎರಡನೇ ಸಲವಾದರೆ ಬೇಗನೆ, ಜೋರಾಗಿ ಏರುತ್ತದೆ.

ಇದನ್ನು ನೆನಪಿಡುವುದು ಸುಲಭ. ಒಂದರಿಂದ ಐದನೇ ದಿನದೊಳಗೆ ಎನ್‌ಎಸ್ 1. ಐದು ದಾಟಿದ ಮೇಲೆ ಐಜಿಎಂ. ನಾಲ್ಕು, ಐದು, ಆರನೇ ದಿನದ ಆಸುಪಾಸಿನಲ್ಲಿ ಬಂದವರಿಗೆ ಎರಡನ್ನೂ ಮಾಡುವುದು ಒಳ್ಳೆಯದು. ದದ್ದು ನೋಡಿ ಬರುವವರೆಲ್ಲ ಹೆಚ್ಚಾಗಿ ಈ ಗುಂಪಿನವರೇ. ಅವರು ಬರೀ ಎನ್‌ಎಸ್ 1 ಮಾಡಿಸಿಕೊಂಡು ಹೋದರೆ ಅರ್ಧ ಉತ್ತರ ಮಾತ್ರ ಸಿಕ್ಕ ಹಾಗೆ.

ಇನ್ನೊಂದು ಮಾತು. ಕಾರ್ಡ್ ಬೇರೆ, ಎಲೈಸಾ ಬೇರೆ. ಎಲೈಸಾ ಅಂದರೆ ಲ್ಯಾಬಿನ ಯಂತ್ರದಲ್ಲಿ ಮಾಡುವ ರಕ್ತಪರೀಕ್ಷೆ. ಕಾರ್ಡ್ ಬೇಗ ಹೇಳುತ್ತದೆ, ಎಲೈಸಾ ಗಟ್ಟಿಯಾಗಿ ಹೇಳುತ್ತದೆ. ಸರ್ಕಾರದ ಲೆಕ್ಕದಲ್ಲಿ ಕಾರ್ಡ್‌ನಲ್ಲಿ ಪಾಸಿಟಿವ್ ಬಂದವರು ‘ಡೆಂಗಿ ಇರಬಹುದು’ ಅನ್ನುವ ಸಾಲಿಗೇ ಸೇರುತ್ತಾರೆ. ಖಚಿತ ಅನ್ನಬೇಕಾದರೆ ಎಲೈಸಾ ಬೇಕು. ಐದನೇ ದಿನದೊಳಗೆ ಎನ್‌ಎಸ್ 1 ಎಲೈಸಾ, ಆಮೇಲೆ ಐಜಿಎಂ ಎಲೈಸಾ. ಎಲೈಸಾದಲ್ಲಿ ಹಲವರ ಸ್ಯಾಂಪಲ್ ಸೇರಿಸಿ ಒಟ್ಟಿಗೆ ಹಾಕುವುದರಿಂದ ರಿಪೋರ್ಟ್ ಬರಲು ಒಂದೆರಡು ದಿನ ಹಿಡಿಯಬಹುದು. ಅಲ್ಲಿಯವರೆಗೆ ಡಾಕ್ಟರು ಚಿಕಿತ್ಸೆ ನಿಲ್ಲಿಸಿ ಕಾಯುವುದಿಲ್ಲ, ನೀವೂ ಕಾಯಬೇಡಿ.

ಎಲ್ಲಿ ಮಾಡಿಸುವುದು, ಎಷ್ಟು ದುಡ್ಡು

ಹಳ್ಳಿಯವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಆಶಾ ಅಕ್ಕನಿಗೆ ಒಂದು ಫೋನ್ ಮಾಡಿದರೆ ಲ್ಯಾಬಿನವರು ಯಾವ ಹೊತ್ತಿಗೆ ಇರುತ್ತಾರೆ ಅನ್ನುವುದು ಗೊತ್ತಾಗುತ್ತದೆ. ಪೇಟೆಯಲ್ಲಿದ್ದರೆ ನಗರ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್ ಇವೆ. ಅಲ್ಲಿ ಆಗದಿದ್ದರೆ ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ. ಬೆಳಗಾವಿಯವರಿಗೆ ಬಿಮ್ಸ್ ಸರ್ಕಾರಿ ಆಸ್ಪತ್ರೆ, ಬಾಗಲಕೋಟೆಯವರಿಗೆ ನವನಗರದ ಜಿಲ್ಲಾ ಆಸ್ಪತ್ರೆ. ಸರ್ಕಾರಿ ವ್ಯವಸ್ಥೆಯಲ್ಲಿ ಡೆಂಗಿ ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ. ಮೂರೂ ಊರುಗಳಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳೂ ಇವೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ 104ಕ್ಕೆ ಫೋನ್ ಮಾಡಿ ಕೇಳಿ. ಅದು ರಾಜ್ಯದ ಆರೋಗ್ಯ ಸಹಾಯವಾಣಿ.

ಖಾಸಗಿ ಲ್ಯಾಬ್‌ಗಳಿಗೆ ರಾಜ್ಯ ಸರ್ಕಾರ 2024ರ ಜುಲೈನಲ್ಲಿ ದರ ಕಟ್ಟಿತು. ಎನ್‌ಎಸ್ 1 ಎಲೈಸಾಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300, ಮೂರೂ ಗುರುತು ನೋಡುವ ರ‍್ಯಾಪಿಡ್ ಕಾರ್ಡ್‌ಗೆ 250. ಬಿಲ್ಲು ಕೈಗೆ ಬಂದಾಗ ಡೆಂಗಿಯ ಸಾಲು ಯಾವುದು, ಸಿಬಿಸಿ (ರಕ್ತಕಣಗಳ ಎಣಿಕೆ) ಸಾಲು ಯಾವುದು ಅಂತ ಬೇರೆ ಬೇರೆ ಮಾಡಿ ನೋಡಿ. ‘ಫೀವರ್ ಪ್ರೊಫೈಲ್’ ಅಂತ ಒಂದೇ ಸಾಲಿನಲ್ಲಿ ದೊಡ್ಡ ಮೊತ್ತ ಬರೆದಿದ್ದರೆ ಒಳಗೆ ಏನೇನಿದೆ ಅಂತ ಕೇಳಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಅಥಣಿ, ಚಿಕ್ಕೋಡಿ ಕಡೆಯವರು ಮಿರಜ್‌ಗೆ, ಇಂಡಿ ಕಡೆಯವರು ಸೊಲ್ಲಾಪುರಕ್ಕೆ ಹೋಗುವುದು ಹೊಸದಲ್ಲ. ಹೋಗಿ, ತಪ್ಪಿಲ್ಲ. ಆದರೆ ಕರ್ನಾಟಕ ಕಟ್ಟಿದ ದರ ಗಡಿಯಾಚೆ ನಡೆಯುವುದಿಲ್ಲ. ಹೊರಡುವ ಮುಂಚೆ ಇಲ್ಲಿ ಮಾಡಿಸಿದ ರಿಪೋರ್ಟ್‌ಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಕೊಳ್ಳಿ. ನಿನ್ನೆಯ ರಕ್ತದ ಲೆಕ್ಕ ಇಲ್ಲದೆ ಇವತ್ತಿನದನ್ನು ನೋಡಿ ಯಾವ ಡಾಕ್ಟರಿಗೂ ಪೂರ್ತಿ ಚಿತ್ರ ಸಿಗುವುದಿಲ್ಲ.

ಕಾರ್ಡ್ ಹಾಕುವಾಗ ಗಮನಿಸಬೇಕಾದದ್ದು

ಕಾರ್ಡ್ ಒಳಗಿನ ಕೆಲಸ ಬಸುರಿ ಟೆಸ್ಟ್‌ನ ಪಟ್ಟಿಯದೇ ತರಹ. ಉದ್ದನೆಯ ಒಂದು ಕಾಗದದಂಥ ಪಟ್ಟಿ ಇರುತ್ತದೆ. ಒಂದು ತುದಿಯಲ್ಲಿ ಸ್ಯಾಂಪಲ್ ಹಾಕಿದರೆ ಅದು ಹೀರಿಕೊಂಡು ಮುಂದೆ ಸಾಗುತ್ತದೆ. ದಾರಿಯಲ್ಲಿ ಬಣ್ಣ ಕಟ್ಟಿದ ಆ್ಯಂಟಿಬಾಡಿಗಳು ಕಾದಿರುತ್ತವೆ. ರಕ್ತದಲ್ಲಿ ಎನ್‌ಎಸ್ 1 ಇದ್ದರೆ ಅವು ಅದನ್ನು ಹಿಡಿದುಕೊಂಡು ಹೋಗಿ ‘ಟಿ’ ಅಂತ ಬರೆದ ಜಾಗದಲ್ಲಿ ನಿಲ್ಲುತ್ತವೆ. ಅಲ್ಲಿ ಗೆರೆ ಮೂಡುತ್ತದೆ. ‘ಸಿ’ ಗೆರೆ ಬರುವುದು ಕಾರ್ಡ್ ಸರಿಯಾಗಿ ಕೆಲಸ ಮಾಡಿದೆ ಅನ್ನುವುದಕ್ಕೆ.

ಸಾಮಾನ್ಯವಾಗಿ ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿ ಸೀರಮ್ಮನ್ನು ಹಾಕುತ್ತಾರೆ. ಕೆಲವು ಕಾರ್ಡ್‌ಗಳಲ್ಲಿ ನೇರ ರಕ್ತವೂ ನಡೆಯುತ್ತದೆ. ಎಷ್ಟು ಹನಿ, ಬಫರ್ (ಕಾರ್ಡ್ ಜೊತೆ ಬರುವ ದ್ರವ) ಬೇಕೋ ಬೇಡವೋ ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಅದು ಡಬ್ಬಿಯಲ್ಲಿರುವ ಚೀಟಿಯ ಪ್ರಕಾರವೇ ಆಗಬೇಕು.

ನೀವು ನೋಡಬಹುದಾದ ಕೆಲವು ವಿಷಯಗಳಿವೆ. ಕಾರ್ಡ್‌ನ ಪೊಟ್ಟಣ ನಿಮ್ಮೆದುರು ಒಡೆಯುತ್ತಾರಾ? ಅದರ ಮೇಲಿನ ಅವಧಿ ಮುಗಿದಿಲ್ಲ ತಾನೆ? ಕಾರ್ಡ್ ಮೇಲೆ ಹೆಸರೋ ನಂಬರೋ ಬರೆದರಾ? ಒಂದೇ ಟೇಬಲ್ಲಿನ ಮೇಲೆ ಆರೇಳು ಕಾರ್ಡ್ ಸಾಲಾಗಿ ಇಟ್ಟಿರುವ ದಿನಗಳಲ್ಲಿ ಈ ಕೊನೆಯದು ಸಣ್ಣ ವಿಷಯವಲ್ಲ. ಮತ್ತೊಂದು ನಮ್ಮ ಬಿಸಿಲಿನದು. ಹೆಚ್ಚಿನ ಕಾರ್ಡ್‌ಗಳನ್ನು 30 ಡಿಗ್ರಿಗಿಂತ ಕೆಳಗೆ ಇಡಬೇಕು ಅಂತ ಡಬ್ಬಿಯ ಮೇಲೇ ಬರೆದಿರುತ್ತದೆ. ವಿಜಯಪುರದ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ. ತಗಡಿನ ಚಾವಣಿಯ ಕೋಣೆಯ ಕಪಾಟಿನಲ್ಲಿಟ್ಟ ಕಾರ್ಡ್ ಮೇಲೆ ನನಗಂತೂ ಭರವಸೆ ಇಲ್ಲ. ಆನ್‌ಲೈನ್‌ನಲ್ಲಿ ತರಿಸಿ ಮನೆಯಲ್ಲೇ ಚುಚ್ಚಿಕೊಂಡು ನೋಡುವುದೂ ಬೇಡ. ಟ್ರಕ್ಕಿನಲ್ಲಿ ಎಷ್ಟು ಬಿಸಿಲು ಕಂಡು ಬಂದಿದೆಯೋ ಯಾರಿಗೆ ಗೊತ್ತು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಕಾರ್ಡ್ ಹಾಕಿದವರು ಸಿಬಿಸಿ ಮಾಡಿಸದೆ ಉಳಿದುಬಿಡುತ್ತಾರೆ.

ಗೆರೆ ಓದುವುದು

ಹೆಚ್ಚಿನ ಕಾರ್ಡ್‌ಗಳನ್ನು 15ರಿಂದ 20 ನಿಮಿಷದೊಳಗೆ ಓದಬೇಕು. ಅದಕ್ಕಿಂತ ತಡವಾದರೆ ಇಲ್ಲದ ಗೆರೆಯೂ ಕಾಣಿಸಬಹುದು. ಊಟಕ್ಕೆ ಹೋಗಿ ಬಂದು ನೋಡಿದ ಕಾರ್ಡ್‌ಗೆ ಬೆಲೆ ಇಲ್ಲ.

‘ಸಿ’ ಮತ್ತು ‘ಟಿ’ ಎರಡೂ ಇದ್ದರೆ ಪಾಸಿಟಿವ್. ‘ಟಿ’ ಗೆರೆ ಮಸುಕಾಗಿದ್ದರೂ ಪಾಸಿಟಿವ್‌ವೇ. ಮಸುಕಾದ ಗೆರೆ ಅಂದರೆ ಕಾಯಿಲೆ ಸ್ವಲ್ಪ ಇದೆ ಅಂತಲೂ ಅಲ್ಲ, ದಪ್ಪ ಗೆರೆ ಅಂದರೆ ಕಾಯಿಲೆ ಜೋರು ಅಂತಲೂ ಅಲ್ಲ. ‘ಸಿ’ ಒಂದೇ ಇದ್ದರೆ ನೆಗೆಟಿವ್. ‘ಸಿ’ ಗೆರೆ ಇಲ್ಲದಿದ್ದರೆ, ‘ಟಿ’ ಇರಲಿ ಬಿಡಲಿ, ಕಾರ್ಡ್ ಕೆಟ್ಟಿದೆ. ಹೊಸದು ಹಾಕಬೇಕು. ಅದಕ್ಕೆ ಎರಡನೇ ಸಲ ದುಡ್ಡು ಕೊಡಬೇಕಿಲ್ಲ ಅಂತ ನೀವು ವಾದಿಸಬಹುದು, ನ್ಯಾಯವೂ ನಿಮ್ಮ ಕಡೆಗೇ ಇದೆ.

ಈಗ ದಿನದ ಲೆಕ್ಕವನ್ನೂ ಗೆರೆಯನ್ನೂ ಒಟ್ಟಿಗೆ ಇಟ್ಟು ನೋಡೋಣ.

ಸಿಂದಗಿಯ ಒಬ್ಬ ಹುಡುಗ, ಜ್ವರದ ಎರಡನೇ ದಿನ, ಎನ್‌ಎಸ್ 1 ಪಾಸಿಟಿವ್ ಅಂತ ಇಟ್ಟುಕೊಳ್ಳಿ. ಡೆಂಗಿ ಅಂತಲೇ ನಡೆದುಕೊಳ್ಳಬೇಕು. ಎನ್‌ಎಸ್ 1 ಸುಮ್ಮಸುಮ್ಮನೆ ಪಾಸಿಟಿವ್ ಬರುವುದು ಕಡಿಮೆ.

ಜಮಖಂಡಿಯ ಒಬ್ಬ ಹೆಣ್ಣುಮಗಳು, ಕಬ್ಬಿನ ಕೆಲಸಕ್ಕೆ ಹೋಗುವವಳು. ಆರನೇ ದಿನ ದದ್ದು ಕಂಡು ಬಂದಳು. ಎನ್‌ಎಸ್ 1 ನೆಗೆಟಿವ್, ಐಜಿಎಂ ಪಾಸಿಟಿವ್. ಇಲ್ಲಿ ಎನ್‌ಎಸ್ 1 ನೆಗೆಟಿವ್ ಅನ್ನುವುದಕ್ಕೆ ಅರ್ಥವೇ ಇಲ್ಲ, ಅದರ ದಿನ ಮುಗಿದಿದೆ. ಐಜಿಎಂ ಡೆಂಗಿಯ ಕಡೆ ಬೆರಳು ತೋರಿಸುತ್ತಿದೆ.

ಗೋಕಾಕಿನ ಒಬ್ಬರಿಗೆ ಹೋದ ವರ್ಷ ಡೆಂಗಿ ಆಗಿತ್ತು. ಈಗ ಮೂರನೇ ದಿನ, ಎನ್‌ಎಸ್ 1 ನೆಗೆಟಿವ್. ಇದು ಎಚ್ಚರ ತಪ್ಪಬಾರದ ಜಾಗ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಗೆ ಬಂದು ಹೋದರೆ ಅದರಿಂದ ರಕ್ಷಣೆ ಸಿಗುತ್ತದೆ, ಉಳಿದ ಮೂರು ಬಗೆಯಿಂದ ಜಾಸ್ತಿ ದಿನ ಸಿಗುವುದಿಲ್ಲ. ಎರಡನೇ ಸಲ ಬಂದಾಗ ಹಳೆಯ ಆ್ಯಂಟಿಬಾಡಿಗಳು ಎನ್‌ಎಸ್ 1 ಅನ್ನು ಹಿಡಿದು ಮುಚ್ಚಿಬಿಡುತ್ತವೆ. ಕಾರ್ಡ್‌ಗೆ ಅದು ಸಿಗುವುದಿಲ್ಲ. ತಮಾಷೆಯೆಂದರೆ ಡೆಂಗಿ ಜೋರಾಗುವ ಸಂಭವ ಜಾಸ್ತಿ ಇರುವುದೂ ಇದೇ ಎರಡನೇ ಸಲದಲ್ಲಿ. ಅಪಾಯ ಜಾಸ್ತಿ ಇರುವವರಲ್ಲೇ ಕಾರ್ಡ್ ತಪ್ಪುವುದು ಜಾಸ್ತಿ. ‘ಹಿಂದೆ ಡೆಂಗಿ ಆಗಿತ್ತಾ’ ಅಂತ ಬರೆದಿಡಲು ಹೇಳಿದ್ದು ಇದಕ್ಕೇ.

ಕೊನೆಗೆ, ಜ್ವರದ ಮೊದಲ ದಿನವೇ ಬರೀ ಐಜಿಎಂ ಪಾಸಿಟಿವ್ ಬಂದವರು. ಇದು ಎರಡು ತಿಂಗಳ ಹಿಂದಿನ ಜ್ವರದ ಉಳಿಕೆ ಇರಬಹುದು. ಮೆದುಳು ಜ್ವರ ತರುವ ಜಪಾನೀಸ್ ಎನ್ಸೆಫಲೈಟಿಸ್‌ನಂಥ ನೆಂಟರ ವೈರಸ್ಸಿಗೂ ಕಾರ್ಡ್ ಮೋಸ ಹೋಗುತ್ತದೆ. ಈಗಿನ ಜ್ವರಕ್ಕೆ ಬೇರೆ ಕಾರಣ ಹುಡುಕಬೇಕು. ಮಲೇರಿಯಾ ಸ್ಮಿಯರ್ (ಗಾಜಿನ ಮೇಲೆ ರಕ್ತ ಹಚ್ಚಿ ನೋಡುವ ಪರೀಕ್ಷೆ) ಮಾಡಿಸಿದ್ದೀರಾ ಅಂತ ಡಾಕ್ಟರು ಕೇಳಿದರೆ ಅದಕ್ಕೇ.

ನೆಗೆಟಿವ್ ಬಂದರೆ

ಮನೆಗೆ ಹೋಗಿ, ಆದರೆ ಫೈಲು ಮುಚ್ಚಬೇಡಿ. ಜ್ವರ ಬಿಡದಿದ್ದರೆ ಡಾಕ್ಟರು ಒಂದೆರಡು ದಿನ ಬಿಟ್ಟು ಮತ್ತೆ ಕರೆಯುತ್ತಾರೆ, ಐಜಿಎಂ ಬರೆಯುತ್ತಾರೆ. ಹೋಗಿ. ಅಲ್ಲಿಯವರೆಗೂ ಡೆಂಗಿ ಅಂದುಕೊಂಡೇ ನಡೆಯಿರಿ. ನೋವಿನ ಮಾತ್ರೆ ಬೇಡ, ನೀರು ಜಾಸ್ತಿ, ಮುಂದೆ ಹೇಳುವ ಅಪಾಯದ ಗುರುತುಗಳ ಮೇಲೆ ಕಣ್ಣು.

ಸಿಬಿಸಿ ಮಾತ್ರ ತಪ್ಪಿಸಬೇಡಿ. ಕಾರ್ಡ್ ಏನೇ ಹೇಳಲಿ, ಬಿಳಿ ರಕ್ತಕಣ, ಪ್ಲೇಟ್‌ಲೆಟ್, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಈ ಮೂರು ಅಂಕಿಗಳು ಡಾಕ್ಟರಿಗೆ ಬೇಕು. ಬಿಳಿ ಕಣ ಇಳಿಯುವುದು ಡೆಂಗಿಯ ಮೊದಮೊದಲ ಸುಳಿವು. ಪ್ಲೇಟ್‌ಲೆಟ್ ಆಮೇಲೆ ಇಳಿಯುತ್ತದೆ.

ಪಾಸಿಟಿವ್ ಬಂದರೆ

ಎಲ್ಲರೂ ಅಡ್ಮಿಟ್ ಆಗಬೇಕಿಲ್ಲ. ಊಟ ನೀರು ಹೋಗುತ್ತಿದ್ದು, ಅಪಾಯದ ಗುರುತು ಇಲ್ಲದಿದ್ದರೆ ಹೆಚ್ಚಿನವರು ಮನೆಯಲ್ಲೇ ಗುಣವಾಗುತ್ತಾರೆ. ದಿನಾ ಒಮ್ಮೆ ಡಾಕ್ಟರಿಗೆ ತೋರಿಸಿ ರಕ್ತ ನೋಡಿಸುತ್ತಿರಬೇಕು. ಕೂಸುಗಳು, ಬಸುರಿಯರು, ವಯಸ್ಸಾದವರು, ಶುಗರ್ ಇರುವವರ ವಿಷಯದಲ್ಲಿ ಡಾಕ್ಟರು ಬೇಗ ಅಡ್ಮಿಟ್ ಮಾಡಿಕೊಳ್ಳಬಹುದು. ಜಗ್ಗಾಡಬೇಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಮಕ್ಕಳಿಗೆ ತೂಕದ ಲೆಕ್ಕ, ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ, ಆರು ತಾಸಿಗೊಮ್ಮೆ. ಸಿರಪ್ ಬಾಟಲಿಗಳ ಸಾಮರ್ಥ್ಯ ಒಂದೇ ಇರುವುದಿಲ್ಲ. 5 ಎಂಎಲ್‌ಗೆ 120, 125, 250 ಹೀಗೆ ಬೇರೆ ಬೇರೆ ಬರುತ್ತವೆ. ಆದ್ದರಿಂದ ‘ಒಂದು ಚಮಚ’ ಅನ್ನುವ ಲೆಕ್ಕ ನಡೆಯುವುದಿಲ್ಲ. ಬಾಟಲಿ ತೋರಿಸಿ ಕೇಳಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಇರುವ ಮಾತ್ರೆ ಬೇಡವೇ ಬೇಡ, ರಕ್ತಸ್ರಾವ ಜಾಸ್ತಿ ಮಾಡುತ್ತವೆ. ‘ಒಂದು ಸೂಜಿ ಹಾಕ್ರಿ, ಇಳೀತದ’ ಅಂತ ಕುಂಡಿಗೆ ಇಂಜೆಕ್ಷನ್ ಹಾಕಿಸಿಕೊಳ್ಳುವ ಚಟ ನಮ್ಮಲ್ಲಿ ಬಲವಾಗಿದೆ. ಡೆಂಗಿಯಲ್ಲಿ ಅದನ್ನು ಬಿಡಲೇಬೇಕು, ಚುಚ್ಚಿದ ಜಾಗದಲ್ಲಿ ಮಾಂಸದೊಳಗೆ ರಕ್ತ ಕಟ್ಟಬಹುದು. ಹೃದಯದ ತೊಂದರೆಗೆ ದಿನಾ ಆಸ್ಪಿರಿನ್ ತಗೊಳ್ಳುವವರು ತಾವೇ ನಿಲ್ಲಿಸದೆ ಡಾಕ್ಟರನ್ನು ಕೇಳಿ.

ಕುಡಿಯುವುದಕ್ಕೆ ಓಆರ್‌ಎಸ್, ಗಂಜಿ, ಮಜ್ಜಿಗೆ, ಜೋಳದ ಅಂಬಲಿ, ಎಳನೀರು. ಓಆರ್‌ಎಸ್‌ನ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸುವುದಲ್ಲ. ಒಂದೇ ಸಲಕ್ಕೆ ಕುಡಿಸಿದರೆ ವಾಂತಿಯಾಗುತ್ತದೆ, ಗುಟುಕು ಗುಟುಕಾಗಿ ಕೊಡಿ. ಆರು ತಾಸಿಗೊಮ್ಮೆಯಾದರೂ ಮೂತ್ರ ಹೋಗುತ್ತಿದ್ದರೆ ನೀರು ಸಾಕಾಗುತ್ತಿದೆ. ಪಪ್ಪಾಯಿ ಎಲೆಯ ರಸ ಕುಡಿಸುವವರು ಬಹಳ ಜನ. ವಾಂತಿ ಬರುತ್ತಿರುವವರಿಗೆ ಆ ಕಹಿ ಕುಡಿಸಿ ಇನ್ನಷ್ಟು ವಾಂತಿ ಮಾಡಿಸುವುದಕ್ಕಿಂತ ಗಂಜಿ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಪ್ಲೇಟ್‌ಲೆಟ್ ಬಗ್ಗೆ ಎರಡು ಮಾತು. ಅದು 1.5 ಲಕ್ಷಕ್ಕಿಂತ ಇಳಿದ ಕೂಡಲೇ ಬಾಟಲಿ ಹುಡುಕಿಕೊಂಡು ಬೆಳಗಾವಿ, ಸೊಲ್ಲಾಪುರಕ್ಕೆ ಓಡುವವರಿದ್ದಾರೆ. ಬರೀ ಅಂಕಿ ನೋಡಿ ಪ್ಲೇಟ್‌ಲೆಟ್ ಏರಿಸುವುದಿಲ್ಲ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗೆ ಹೋದಾಗಲೇ ಡಾಕ್ಟರು ಆ ಯೋಚನೆ ಮಾಡುವುದು. ಪಿಸಿವಿ ಏರುತ್ತಿದೆಯಾ ಅನ್ನುವುದೇ ಅದಕ್ಕಿಂತ ದೊಡ್ಡ ಪ್ರಶ್ನೆ. ಅದು ಏರಿದರೆ ರಕ್ತನಾಳದೊಳಗಿನ ನೀರು ಹೊರಗೆ ಸೋರುತ್ತಿದೆ ಅಂತ ಅರ್ಥ. ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಬಹುತೇಕ ಈ ಸೋರಿಕೆಯೇ.

ಜ್ವರ ಬಿಟ್ಟ ದಿನ

ಇಲ್ಲೇ ಜನ ಮೋಸ ಹೋಗುವುದು. ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುತ್ತದೆ. ಹುಡುಗ ತಣ್ಣಗಾದ, ಇನ್ನೇನು ಸ್ಕೂಲಿಗೆ ಕಳಿಸೋಣ ಅಂದುಕೊಳ್ಳುತ್ತಾರೆ. ಆದರೆ ನಾಳದ ಸೋರಿಕೆ ಶುರುವಾಗುವುದು ಹೆಚ್ಚಾಗಿ ಆ ಹೊತ್ತಿಗೇ. ಜ್ವರ ಬಿಟ್ಟ ಮೇಲಿನ ಒಂದೆರಡು ದಿನ, ಅಂದರೆ 24ರಿಂದ 48 ತಾಸು, ಇಡೀ ಕಾಯಿಲೆಯಲ್ಲೇ ಜಾಸ್ತಿ ನಿಗಾ ಬೇಕಾದ ಹೊತ್ತು.

ಈ ಗುರುತುಗಳಲ್ಲಿ ಒಂದು ಕಂಡರೂ ಕಾಯಬೇಡಿ: ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಮೂಗು ಒಸಡುಗಳಲ್ಲಿ ರಕ್ತ, ಕಪ್ಪು ಸಂಡಾಸು, ಉಸಿರಾಟಕ್ಕೆ ಕಷ್ಟ, ತಣ್ಣಗೆ ಬೆವತ ಕೈಕಾಲು, ಮಂಪರು ಅಥವಾ ವಿಪರೀತ ಕಿರಿಕಿರಿ, ಮೂತ್ರ ಕಡಿಮೆಯಾಗುವುದು. ಹೆಣ್ಣುಮಕ್ಕಳಿಗೆ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವುದೂ ಇದರಲ್ಲೇ ಸೇರಿತು. ರಾತ್ರಿ ಎರಡು ಗಂಟೆಯಾಗಿದ್ದರೂ 108ಕ್ಕೆ ಫೋನ್ ಮಾಡಿ. ಈ ಹೊತ್ತಿನಲ್ಲಿ ಕಾರ್ಡ್ ಪಾಸಿಟಿವ್ ಇತ್ತೋ ನೆಗೆಟಿವ್ ಇತ್ತೋ ಯಾರೂ ಕೇಳುವುದಿಲ್ಲ. ಸಲೈನ್ ಎಷ್ಟು ಬೇಗ ಶುರುವಾಯಿತು ಅನ್ನುವುದು ಮುಖ್ಯ.

ಟೆಸ್ಟ್ ಆದ ಮೇಲೆ ಮನೆಯಲ್ಲಿ

ಜ್ವರ ಬಂದವರನ್ನು ಮೊದಲ ಐದಾರು ದಿನ ಸೊಳ್ಳೆ ಪರದೆಯಲ್ಲಿ ಮಲಗಿಸಿ, ಹಗಲಲ್ಲೂ. ಈಡಿಸ್ ಕಚ್ಚುವುದು ಹಗಲಿನಲ್ಲೇ. ಆಗ ಅವರನ್ನು ಕಚ್ಚಿದ ಸೊಳ್ಳೆ ಕೆಲವು ದಿನದ ಮೇಲೆ ಉಳಿದವರಿಗೆ ತಂದುಕೊಡುತ್ತದೆ.

ಪಾಸಿಟಿವ್ ಅಂತ ಗೊತ್ತಾದರೆ ಆಶಾ ಅಕ್ಕನಿಗೋ ಆರೋಗ್ಯ ಸಹಾಯಕರಿಗೋ ತಿಳಿಸಿ. ಅವರು ಬಂದು ಸುತ್ತಲಿನ ಮನೆಗಳಲ್ಲಿ ಲಾರ್ವಾ ಹುಡುಕುತ್ತಾರೆ. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಬೇಡಿ. 2024ರಲ್ಲಿ ರಾಜ್ಯ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ಪೇಟೆಯಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಅಂತ ನಿಯಮವೂ ಬಂತು.

ನಳ ಕೆಲವು ದಿನಕ್ಕೊಮ್ಮೆ ಬರುವ ಊರುಗಳಲ್ಲಿ ‘ನೀರು ತುಂಬಿಡಬೇಡಿ’ ಅನ್ನುವ ಉಪದೇಶ ಯಾರಿಗೂ ಬೇಕಿಲ್ಲ. ತುಂಬಿಡಲೇಬೇಕು. ಹಾಗಾದರೆ ಬ್ಯಾರಲ್ ಬಾಯಿಗೆ ಹಳೆಯ ಸೀರೆ ಕಟ್ಟಿ ಬಿಗಿಯಾಗಿ ಮುಚ್ಚಿ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆಯನ್ನು ತಿಕ್ಕಿ ತೊಳೆಯಿರಿ. ಬರೀ ನೀರು ಚೆಲ್ಲಿದರೆ ಆಗುವುದಿಲ್ಲ. ಮೊಟ್ಟೆ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಬದುಕುತ್ತದೆ, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ದನದ ಬಾನಿ, ಬೇಸಿಗೆ ಮುಗಿದ ಮೇಲೆ ಮೂಲೆಗೆ ಸರಿಸಿಟ್ಟ ಏರ್ ಕೂಲರ್, ಫ್ರಿಜ್ಜಿನ ಹಿಂದಿನ ತಟ್ಟೆ, ಮಾಳಿಗೆ ಮೇಲಿನ ಹಳೆಯ ಟೈರು, ಇವನ್ನೂ ನೋಡಿ. ದೊಡ್ಡ ಟಾಕಿ ಖಾಲಿ ಮಾಡಲಾಗದಿದ್ದರೆ ಲಾರ್ವಾ ತಿನ್ನುವ ಮೀನು ಸಿಗುತ್ತದಾ ಅಂತ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಇಷ್ಟರ ನಡುವೆ ಮನೆಯಲ್ಲಿ ಇನ್ನೊಬ್ಬರಿಗೆ ಮೈ ಬಿಸಿಯಾದರೆ ದದ್ದು ಏಳುವವರೆಗೆ ಕಾಯಬೇಡಿ. ಕ್ಯಾಲೆಂಡರಿನಲ್ಲಿ ಅವರ ಹೆಸರು, ಅವರ ಒಂದನೇ ದಿನ ಬರೆಯಿರಿ. ಎರಡು ಮೂರನೇ ದಿನದೊಳಗೆ ಎನ್‌ಎಸ್ 1 ಮತ್ತು ಸಿಬಿಸಿ ಮಾಡಿಸಿಬಿಡಿ.